ಬಾಣಕ್ಕೆ ಇಟ್ಟ ಗಂಧ

ಆಯುಧಪೂಜೆ ದಿನ ಕಾರಿಗೆ, ಲ್ಯಾಪ್‌ಟಾಪಿಗೆ ಇಟ್ಟ ಹಾಗೇ ಜಿಂಕೆ ಬೇಟೆಗೆಂದು ತಂದಿದ್ದ ಹೊಸ ಬಾಣಗಳ ಬಾಲಕ್ಕೂ ಗಂಧ ಇಟ್ಟೆ. ಮಾರನೇ ವಾರ ಒಂದೂ ನೆಟ್ಟಗೆ ಹೋಗಲಿಲ್ಲ. ಪರದೇಶದಲ್ಲಿ ನಾನಿರುವ ಲಿಯಾಂಡರ್ ಊರಿನ ಬಿಲ್ಲಿನ ಅಂಗಡಿಗೆ ಹೋಗಿ, "ಕೆಟ್ಟ ಬಾಣ ಕೊಟ್ಟಿದ್ದೀರಿ" ಅಂತ ರೇಗಿದೆ.

ಅಂಗಡಿಯ ಮುದುಕ ಒಂದು ಹಾಳೆ ಕಟ್ಟಿ, ನನ್ನ ಬಿಲ್ಲಿನಿಂದಲೇ ಅದರ ಮೂಲಕ ನನ್ನ ಬಾಣ ಬಿಟ್ಟ. ನೆಟ್ಟಗೆ ಹೋದರೆ ಹಾಳೆಯಲ್ಲಿ ದುಂಡನೆಯ ತೂತು ಬೀಳಬೇಕು. ನನ್ನ ಬಾಣಕ್ಕೆ ಹಾಳೆ ಉದ್ದಕ್ಕೆ ಹರಿಯಿತು. ಒಂದು ಗಂಟೆ ಬಿಲ್ಲನ್ನು ತಿರುಪಿ ತಿರುಪಿ ನೋಡಿದ. ಆಮೇಲೆ ಅದೇ ಬಿಲ್ಲಿನಿಂದ ತನ್ನದೇ ಬಾಣ ಬಿಟ್ಟ. ದುಂಡನೆಯ ತೂತು! ಕನ್ನಡಕ ಏರಿಸಿ ನನ್ನ ಬಾಣದ ಬಾಲ ನೋಡಿದ. ಹೆದೆ ಕೂರುವ ಸೀಳಿನಲ್ಲಿ ಹಳದಿ ಚಕ್ಕೆ ಒಣಗಿ ಕೂತಿತ್ತು.

"ಏನಿದು?"

ನನಗೆ ತಕ್ಷಣ ಗೊತ್ತಾಯಿತು. ಆದರೂ ಬಾಯಿಗೆ ಬಂದದ್ದು, "ಫ್ಯಾಕ್ಟರಿಯ ಗೋಂದು ಇರಬೇಕು."

"ಸಾರಿ ಸರ್, ನಾನು ನೋಡಿ ಕೊಡಬೇಕಿತ್ತು," ಅಂದವನೇ ಹನ್ನೆರಡೂ ಬಾಣಗಳನ್ನು ಕಡ್ಡಿಯಿಂದ ಕೆರೆದು ಕ್ಲೀನ್ ಮಾಡಿದ. ಕೊನೆಗೆ ಬೆರಳು ಮೂಸಿ, "ಗೋಂದಾದರೂ ಎಷ್ಟು ಒಳ್ಳೆ ವಾಸನೆ," ಅಂದ.

ಮೈಸೂರಿನವನು ನಾನು, ಗಂಧವನ್ನು ಗೋಂದು ಅಂದುಬಿಟ್ಟಿದ್ದೆ. ಅವತ್ತಿನಿಂದ ಬಾಣಗಳು ನೆಟ್ಟಗೆ ಹೋಗುತ್ತಿವೆ. ಆ ಅಂಗಡಿ ತಪ್ಪಿಸಲು ನಾನೇ ಸುತ್ತು ಹಾಕಿಕೊಂಡು ಹೋಗುತ್ತೇನೆ.