ಮೊದಲು ಕೆಟ್ಟ ಸುದ್ದಿ

ನಮ್ಮ ಪಕ್ಕದ ಮನೆಯ ಮಾಳಸಿದ್ದ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆಯೇ ಇರುತ್ತಾನೆ. ಏಕಸಂಬಿಯಲ್ಲಿ ಅವನಿಗೆ ಮನೆ ಇದೆ, ಹೆಂಡತಿ ಲಗಮವ್ವ ಇದ್ದಾಳೆ, ಏಳನೆಯ ತರಗತಿ ಓದುವ ಮಗಳು ಉಜ್ವಲಾ ಇದ್ದಾಳೆ. ಆದರೆ ಅವನು ಮಲಗುವುದು ಅಥಣಿ ಕಡೆ ಯಾರದೋ ಹೊಲದಲ್ಲಿ, ಕಂಬಳಿ ಹೊದ್ದು, ಒಬ್ಬನೇ. ದಿನಾ ಸಂಜೆ ಮನೆಗೆ ಫೋನ್ ಮಾಡುವುದೊಂದೇ ಅವನ ಸುಖ.

ಆ ಫೋನಿಗೂ ಒಂದು ಕಟ್ಟಳೆ. ಕುರಿ ಹಿಂದೆ ಹೋದವರ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು, ಹಾಕಿದರೆ ಕುರಿಗೆ ಕೇಡು ಎಂದು ಆ ಮನೆಯ ಹಿರಿಯರು ಹೇಳಿಹೋಗಿದ್ದಾರೆ. ಲಗಮವ್ವ ಮಗಳಿಗೂ ಅದನ್ನೇ ಕಲಿಸಿದ್ದಳು. ಅವನು "ಹೆಂಗದೀರಿ?" ಎನ್ನುವುದು, ಇವರು "ಎಲ್ಲಾ ಬೇಷ ಐತಿ" ಎನ್ನುವುದು, ಅವನೂ "ಇಲ್ಲೂ ಬೇಷ ಐತಿ" ಎಂದು ಇಟ್ಟುಬಿಡುವುದು. ಗೋಡೆಯ ಈಚೆ ಕೂತು ಸ್ಪೀಕರಿನ ಈ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಅದೂ ಒಂದು ಮಾತೇ?

ದಸರಾ ಸೂಟಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ತಾಯಿ ಮಗಳು ಅವನಿದ್ದ ಹೊಲಕ್ಕೆ ಹೊರಟರು. ನಾನೂ ಜೊತೆಗೆ ಹೋದೆ. ಮರಿ ಕಂಡರೆ ಓಡಿ ಎತ್ತಿಕೊಳ್ಳುತ್ತಿದ್ದ ಹುಡುಗಿ ಅವತ್ತು ದೂರ ನಿಂತಳು. ಒಂದು ಮರಿ ತಾನಾಗಿ ಬಂದು ಕೈ ಮೂಸಿದಾಗ ಅದನ್ನು ನೂಕಿ, ಬೋರವೆಲ್ಲಿನ ನೀರಿಗೆ ಹೋಗಿ ಸಾಬೂನು ಹಚ್ಚಿ ತೊಳೆದಳು. ಮತ್ತೊಮ್ಮೆ ತೊಳೆದಳು.

ಎಂಬತ್ತು ಕುರಿಗಳಲ್ಲಿ ಒಂದು ಮೇವು ಬಿಟ್ಟರೂ ಮಾಳಸಿದ್ದನಿಗೆ ಗೊತ್ತಾಗುತ್ತದೆ. ಅವನು ಮಗಳ ಹತ್ತಿರ ಹೋಗಿ ಕುಳಿತ.

"ಏನಾಗೇತಿ ಯವ್ವಾ?"

"ಏನಿಲ್ಲಪಾ. ಎಲ್ಲಾ ಬೇಷ ಐತಿ."

ಮಾಳಸಿದ್ದ ಅವಳ ಒದ್ದೆ ಕೈ ಹಿಡಿದುಕೊಂಡು ಹೇಳಿದ: "ನಂದು ಬೇಷ ಇಲ್ಲ. ಹ್ವಾದ ತಿಂಗಳ ಜ್ವರ ಬಂದು ನಾಕ ದಿನ ಬಿದ್ದಿದ್ದೆ. ಒಂದ ತಂಬಿಗಿ ನೀರ ಕೊಡವ್ರ ಇರಲಿಲ್ಲ. ನಿಮ್ಮ ಮುಂದ ಸುಳ್ಳ ಹೇಳೀನಿ."

ಲಗಮವ್ವ "ಅಯ್ಯ ಶಿವನ!" ಎಂದು ಬಾಯಿಗೆ ಸೆರಗು ಹಿಡಿದಳು. ಉಜ್ವಲಾ ಅಪ್ಪನ ಮುಖ ನೋಡಿದವಳೇ ಅಳತೊಡಗಿದಳು.

"ಸಾಲ್ಯಾಗ ನನ್ನ ನೋಡಿ ಬ್ಯಾ ಬ್ಯಾ ಅಂತಾರ. ವಾಸನಿ ಅಂತ ಮೂಗ ಮುಚ್ಚಕೊಂತಾರ. ನನ್ನ ಡಬ್ಬಿ ಕಸದಾಗ ಒಗದಾರ. ಜೂನದಿಂದ ಒಬ್ಬಾಕೀನ ಉಣ್ಣಾಕತ್ತೀನಿ. ಸೂಟಿ ಮುಗದ ಮ್ಯಾಲ ನಾ ಸಾಲಿಗೆ ಹೋಗಾಂಗಿಲ್ಲ."

"ನನ್ನ ಮುಂದರ ಯಾಕ ಹೇಳಲಿಲ್ಲ?" ಲಗಮವ್ವ ಗದರಿದಳು.

"ನೀ ಅಳತಿ. ಅಪ್ಪಗ ಗೊತ್ತಾಕೈತಿ. ಕುರಿ ಸಾಯ್ತಾವ."

ಎಂಬತ್ತು ಕುರಿಗಳ ಜೀವ ತನ್ನ ಬಾಯಲ್ಲಿದೆ ಎಂದು ಆ ಕೂಸು ನಾಲ್ಕು ತಿಂಗಳು ತುಟಿ ಬಿಚ್ಚಿರಲಿಲ್ಲ! ಆ ಹಿರಿಯರು ಎದುರಿಗೆ ಸಿಕ್ಕಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮಾಳಸಿದ್ದ ಯಾರನ್ನೂ ಬೈಯಲಿಲ್ಲ. "ಕುರಿ ಹ್ವಾದ್ರ ಮತ್ತ ತಂದೇನು," ಎಂದ. "ಇನ್ನ ಮ್ಯಾಲ ಕೆಟ್ಟದ್ದ ಮೊದಲ ಹೇಳಬೇಕ. ನಾನೂ ಹೇಳತೀನಿ."

ಶಾಲೆ ಶುರುವಾದ ದಿನ ತಮ್ಮ ಬಾಳೇಶನಿಗೆ ಕುರಿ ಒಪ್ಪಿಸಿ ಅವನೇ ಬಂದ. ಹೆಗಲ ಮೇಲೆ ಅದೇ ಕಂಬಳಿ. ಗಂಡ ಹೆಂಡತಿ ಪಾಠ ಹೇಳುವ ಅಕ್ಕೋರ ಮುಂದೆ ಕೂತು ಎಲ್ಲ ಹೇಳಿದರು. ಅಕ್ಕೋರು ಆ ಮಕ್ಕಳ ಮನೆಯವರನ್ನೂ ಕರೆಸಿದರು. ಕಾಟ ಒಮ್ಮೆಲೇ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಆದರೆ ಹುಡುಗಿ ಶಾಲೆ ಬಿಡಲಿಲ್ಲ. ಯಾರು ಏನೆಂದರು ಎಂಬುದು ಅವತ್ತೇ ಸಂಜೆ ಅಥಣಿ ತಲುಪುತ್ತಿತ್ತು.

ಮೊನ್ನೆ ಗೋಡೆಯಾಚೆ ಉಜ್ವಲಾಳ ದನಿ ಕೇಳಿತು.

"ಇವತ್ತ ಕೆಟ್ಟದ್ದ ಏನೂ ಇಲ್ಲಪಾ, ಖರೇನ. ನಮ್ಮ ವರ್ಗದ ರಾಜೇಶ್ವರಿ ತಾನ ಬಂದ ನನ್ನ ಜೋಡಿ ಉಂಡ್ಲು. ನಿಂದ ಹೇಳು."

ಸ್ಪೀಕರಿನಲ್ಲಿ ಅವನು ಕುರಿಗಳನ್ನು ಗದರುವುದು ಕೇಳಿತು.

"ಹೇಳಪಾ. ಮೊದಲ ಕೆಟ್ಟದ್ದ."

"ನೀವ್ಯಾರೂ ಇಲ್ಲಿ ಇಲ್ಲ ನೋಡವ್ವಾ," ಎಂದ ಮಾಳಸಿದ್ದ. "ಅದ ನನ್ನ ಕೆಟ್ಟದ್ದ."

ಅವತ್ತು ಉಜ್ವಲಾ ಬಹಳ ಹೊತ್ತು ಫೋನ್ ಇಡಲಿಲ್ಲ.