ವಿಯೆನ್ನಾದಲ್ಲಿ ಬೊನವೆಂಚರ್ ಎದ್ದು ನಡೆದದ್ದು

ಬೊನವೆಂಚರ್ ಕಾರಿನಿಂದ ಇಳಿಯುವ ಜನವೇ ಅಲ್ಲ. ದೋಹಾದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಈ ರೋಗ ಗೊತ್ತುಂಟು. ಚಹಾ ಬೇಕಾ? ಅಂಗಡಿ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡಿ, ಕರಕ್ ಚಹಾ ಕಿಟಕಿಗೇ ಬರುತ್ತದೆ. ಮೊಸರು, ಕುಬೂಸ್ ರೊಟ್ಟಿ, ಇಸ್ತ್ರಿ ಮಾಡಿದ ಅಂಗಿ ಎಲ್ಲ ಹಾಗೆಯೇ. ಅಲ್ ಥುಮಾಮಾದ ಮನೆಯ ಏಸಿಯಿಂದ ವೆಸ್ಟ್ ಬೇ ಆಫೀಸಿನ ಏಸಿಗೆ ಹೋಗಿ ಬರುವವನ ಚಪ್ಪಲಿ ಸವೆಯುವುದಾದರೂ ಹೇಗೆ ಮಾರಾಯ್ರೆ!

ಹೆಂಡತಿ ಎಡ್ನಾಳಿಗೆ ಇದ್ದದ್ದು ಒಂದೇ ಆಸೆ: ಗಂಡನ ಕೈ ಹಿಡಿದು ಯಾವುದಾದರೂ ಬೀದಿಯಲ್ಲಿ ಸುಮ್ಮನೆ ನಡೆಯಬೇಕು. ಆಫೀಸಿನ ಹಳೆಯ ಗೆಳೆಯ ಹರ್ಬರ್ಟ್ ನಿವೃತ್ತನಾಗಿ ತನ್ನ ವಿಯೆನ್ನಾಕ್ಕೆ ಮರಳಿದ್ದ. "ಬನ್ನಿ, ನಾನೂ ನನ್ನ ಹೆಂಡತಿ ಉಲ್ರಿಕೆಯೂ ನಮ್ಮ ಊರು ತೋರಿಸುತ್ತೇವೆ" ಎಂದು ಅವನು ಕರೆದದ್ದೇ ತಡ, ಎಡ್ನಾ ಹೊಸ ಶೂ ಕೊಂಡಳು.

ಹರ್ಬರ್ಟನಿಗೆ ನಡೆದೇ ಊರು ತೋರಿಸುವ ಹುಮ್ಮಸ್ಸು. ಬೊನವೆಂಚರ್, "ಕಾರು ಉಂಟಲ್ಲ?" ಎಂದ. ಅಲ್ಲಿಗೆ ಎಲ್ಲರೂ ಕಾರಿನೊಳಗೆ. ಅರಮನೆ ಬಂತು. ಕಿಟಕಿಯಿಂದಲೇ ನೋಡಿ, "ಚೆಂದ ಉಂಟು, ಯಲ್ಲಾ, ಮುಂದೆ ಹೋಗುವ" ಎಂದ. ಉದ್ಯಾನ ಬಂತು, ಅದೂ ಖಲಾಸ್. ಒಂದು ದೊಡ್ಡ ಇಗರ್ಜಿಯ ಎದುರು ಕಾಫಿ ಹೋಟೆಲು ಕಂಡದ್ದೇ, ಹರ್ಬರ್ಟ್ ಹಾರ್ನ್ ಹೊಡೆಯಲಿಲ್ಲವೆಂದು ಬೊನವೆಂಚರ್ ಪಕ್ಕದ ಸೀಟಿನಿಂದ ಕೈಚಾಚಿ ತಾನೇ ಹೊಡೆದ. ಮತ್ತೆ ಹೊಡೆದ.

ಬೀದಿಗೆ ಬೀದಿಯೇ ತಿರುಗಿ ನೋಡಿತು. ಕಪ್ಪು ಕೋಟಿನ ಮಾಣಿ ಗಾಬರಿಯಿಂದ ಓಡಿಬಂದ. "ಎರಡು ಕರಕ್, ಒಂದಕ್ಕೆ ಸಕ್ಕರೆ ಕಡಿಮೆ" ಎಂದ ಬೊನವೆಂಚರ್. ಏನಾಯಿತೆಂದು ಮಾಣಿ ಹರ್ಬರ್ಟನನ್ನು ಕೇಳಿದ. ಸ್ವಂತ ಊರಿನಲ್ಲಿ ಮಾನ ಹೋಯಿತಲ್ಲ! ಪಾಪ, ಹರ್ಬರ್ಟ್ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟ: "ಇವರಿಗೆ ನಡೆಯಲಿಕ್ಕೆ ಆಗುವುದಿಲ್ಲ."

ಅಯ್ಯೋ, ಆಮೇಲಿನ ಉಪಚಾರ ಏನು ಕೇಳುತ್ತೀರಿ! ಇಗರ್ಜಿಯಿಂದ ಗಾಲಿಕುರ್ಚಿ ಬಂತು. ಇಬ್ಬರು ಅವನನ್ನು ಎತ್ತಿ ಕೂರಿಸಿದರು. ಮೊಣಕಾಲಿಗೆ ಶಾಲು, ಕೈಗೆ ಕಾಫಿ, ಕೇಕು. "ಏಳಬೇಡ, ನನ್ನ ಮಾನ ಉಳಿಸು" ಎಂದು ಹರ್ಬರ್ಟ್ ಕಿವಿಯಲ್ಲಿ ಬೇಡಿಕೊಂಡ. "ಮಾಫಿ ಪ್ರಾಬ್ಲಮ್, ತೊಂದರೆಯೇ ಇಲ್ಲ" ಎಂದು ಬೊನವೆಂಚರ್ ಕಾಲು ಚಾಚಿದ. "ನೋಡಿದಿಯಾ ಎಡ್ನಾ, ಸರ್ವಿಸ್ ಅಂದರೆ ಇದು!"

ಕುರ್ಚಿ ದೂಡುವ ಕೆಲಸ ಎಡ್ನಾಳ ಪಾಲಿಗೆ ಬಂತು. ಎದುರಿಗೆ ಹರ್ಬರ್ಟ್ ಮತ್ತು ಉಲ್ರಿಕೆ ಕೈಕೈ ಹಿಡಿದು ನಡೆಯುತ್ತಿದ್ದರು. ಎಡ್ನಾಳಿಗೆ ಹೊಟ್ಟೆ ಉರಿಯಿತು. ಇಗರ್ಜಿಯ ಅಂಗಳದ ನಡುವೆ ಕುರ್ಚಿ ಬಿಟ್ಟುಬಿಟ್ಟಳು.

"ಸಾಕು. ನಿಮ್ಮನ್ನು ಕಟ್ಟಿಕೊಂಡು ಎಲ್ಲ ಗಾಜಿನಲ್ಲೇ ನೋಡಿದೆ. ಸಮುದ್ರ ಕಾರಿನ ಗಾಜಿನಲ್ಲಿ. ಅಮ್ಮನನ್ನು ಮಣ್ಣು ಮಾಡಿದ್ದೂ ಮೊಬೈಲಿನ ಗಾಜಿನಲ್ಲಿ. ಇವತ್ತು ನಾನು ನಡೆಯುತ್ತೇನೆ, ನೀವು ಇಲ್ಲೇ ಕೂತಿರಿ."

ಹೇಳಿ ಹೊರಟೇಬಿಟ್ಟಳು. ಕರೆದರೂ ತಿರುಗಲಿಲ್ಲ. ಬೊನವೆಂಚರ್‌ ಶಾಲು ಕಿತ್ತೆಸೆದು ಎದ್ದು ಓಡಿದ.

ಒಬ್ಬ ಮುದುಕಿ ಚೀರಿದಳು. ಟೋಪಿಗಳು ಕೆಳಗಿಳಿದವು. ಜನ ಶಿಲುಬೆಯ ಗುರುತು ಮಾಡಿಕೊಂಡು ಚಪ್ಪಾಳೆ ತಟ್ಟಿದರು. ಪವಾಡ ಕಂಡ ಮಾಣಿ ಗಳಗಳ ಅತ್ತ. ಕೆಲವರು ಅಡ್ಡ ಬಂದು ಬೊನವೆಂಚರನ ಕೈಗೆ ಮುತ್ತಿಟ್ಟರು. "ಬಿಡಿ ಮಾರಾಯ್ರೆ, ಹೆಂಡತಿ ಹೋಗ್ತಿದ್ದಾಳೆ!" ಎಂದು ಕನ್ನಡದಲ್ಲಿ ಕೂಗಿದ. ಎಲ್ಲರೂ ಭಕ್ತಿಯಿಂದ "ಆಮೆನ್" ಎಂದರು.

ಅಂತೂ ತಿರುವಿನಲ್ಲಿ ಎಡ್ನಾ ಸಿಕ್ಕಿದಳು. ಬೊನವೆಂಚರ್ ಅವಳ ಕೈ ಹಿಡಿದುಕೊಂಡು ಏದುಸಿರು ಬಿಟ್ಟ.

"ನಿಧಾನ ಹೋಗು ಎಡ್ನಾ," ಎಂದ. "ನನಗೆ ನಿಜವಾಗಿಯೂ ನಡೆಯಲು ಬರುವುದಿಲ್ಲ."

"ಗೊತ್ತುಂಟು," ಎಂದಳು ಎಡ್ನಾ. "ಬನ್ನಿ, ಕಲಿಸುತ್ತೇನೆ."