ಷೋಕೇಸಿನ ಕೃಷ್ಣನಿಗೆ ವಯಸ್ಸೆಷ್ಟು?

ಮುಖ ನೋಡಿ ವಯಸ್ಸು ಹೇಳುವ ಆಟದಲ್ಲಿ ನಾನು ಯಾವತ್ತೂ ಗೆದ್ದವನಲ್ಲ. ಹಲಸೂರಿನಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದೇ ಸಂಸಾರ ಸಾಗಿಸುವವನು ಹೀಗೆ ಹೇಳಬಾರದು, ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಏನು? ಅಕ್ಕ ಎಂದರೆ ಕೆಲವರಿಗೆ ಕೋಪ, ಆಂಟಿ ಎಂದರೆ ಎಲ್ಲರಿಗೂ ಕೋಪ. ಹಾಗಾಗಿ "ಗಲ್ಲ ಸ್ವಲ್ಪ ಮೇಲೆ, ಹಾಂ, ಅಷ್ಟೇ" ಎಂಬುದಕ್ಕಿಂತ ಹೆಚ್ಚು ಮಾತಾಡದೆ ಕಾಲ ಹಾಕಿದ್ದೇನೆ.

ವಯಸ್ಸೆಂಬುದಾದರೂ ಒಂದೇ ಇದ್ದರೆ ತಾನೆ? ನಮ್ಮಪ್ಪನಿಗೆ ಹುಟ್ಟಿದ ದಿನವನ್ನು ದಯಪಾಲಿಸಿದವರು ಶಾಲೆಯ ಮೇಷ್ಟ್ರು. ಅಜ್ಜಿಗೆ ನೆನಪಿದ್ದದ್ದು ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಎಂಬುದಷ್ಟೇ. ಶಿವಾಜಿನಗರದಲ್ಲಿ ಗುಂಡಿ, ಲೇಸು ಮಾರುವ ನನ್ನ ಹಳೆಯ ಗಿರಾಕಿ ಬಷೀರ್ ಸಾಹೇಬರಂತೂ ಮಗನ ನಿಶ್ಚಿತಾರ್ಥದ ಆಲ್ಬಮ್ ಮಾಡಿಸುವಾಗ, "ಒಂದ್ ಹತ್ತು ವರ್ಷ ಕಮ್ಮಿ ಮಾಡಿ ಸ್ವಾಮಿ, ಬೀಗರ ಮುಂದೆ ಇಜ್ಜತ್ ಪ್ರಶ್ನೆ" ಎಂದು ಗಡ್ಡದ ಬಿಳಿಯನ್ನೆಲ್ಲ ಕಪ್ಪು ಮಾಡಿಸಿಕೊಂಡರು. ಆಮೇಲೆ ಹಿರಿಯ ನಾಗರಿಕರ ಬಸ್ ಪಾಸಿಗೆ ಫೋಟೋ ಬೇಕಾಯಿತು. ನಾನು ಅಭ್ಯಾಸಬಲದಿಂದ ಗಡ್ಡ ಕಪ್ಪು ಮಾಡಲು ಹೊರಟರೆ, "ಅರೇ, ಬಿಡಿ ಬಿಡಿ, ಎಲ್ಲಾ ಕಾಣ್ಲಿ!" ಎಂದು ಕೈ ಹಿಡಿದುಕೊಂಡರು.

ಇಂಥ ನನ್ನ ಬಳಿಗೆ ಮಗಳು ಇಂಚರ ಫೋನು ಹಿಡಿದು ಬಂದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಬೀದಿನಾಯಿಗಳ ಚಿತ್ರ ಬರೆದು ಒಂದು ಆ್ಯಪಿಗೆ ಹಾಕುತ್ತಾಳೆ. ಹೊರಮಾವಿಗೆ ಮನೆ ಬದಲಿಸಿದ ಗೆಳತಿಯ ಜೊತೆ ಹರಟೆಯೂ ಅದರಲ್ಲೇ. ಆ ಆ್ಯಪು ಈಗ ವಯಸ್ಸಿಗೆ ಪುರಾವೆ ಕೇಳುತ್ತಿದೆ. ಒಂದೋ ಹುಡುಗಿ ಕ್ಯಾಮರಾಕ್ಕೆ ಮುಖ ತೋರಿಸಬೇಕು, ಇಲ್ಲವೇ ಅಪ್ಪನೋ ಅಮ್ಮನೋ ತಮ್ಮ ಗುರುತಿನ ಚೀಟಿ ಕೊಟ್ಟು ಒಪ್ಪಿಗೆ ಸೂಚಿಸಬೇಕು. ಭಾನುವಾರದೊಳಗೆ ಇದಾಗದಿದ್ದರೆ ಖಾತೆ ಬಂದ್, ನಾಯಿಗಳೂ ಮಾಯ.

ಮಕ್ಕಳನ್ನು ಕಾಪಾಡಲು ಕಾನೂನು ಬರುತ್ತಿದೆಯೆಂದು ಪೇಪರಿನಲ್ಲಿ ಓದಿ ಜೋರಾಗಿ ತಲೆಯಾಡಿಸಿದವನೇ ನಾನು. ಈಗ ತಲೆಯನ್ನು ಅಡ್ಡ ಆಡಿಸಬೇಕೋ ಉದ್ದ ಆಡಿಸಬೇಕೋ ತಿಳಿಯುತ್ತಿಲ್ಲ. ಮಗಳನ್ನು ಅಪರಿಚಿತರಿಂದ ಕಾಯಬೇಕಾದರೆ ಮೊದಲು ಅವಳ ಮುಖವನ್ನೋ ನನ್ನ ಚೀಟಿಯನ್ನೋ ಅಪರಿಚಿತರಿಗೇ ಒಪ್ಪಿಸಬೇಕಂತೆ. ಕೊಡದಿದ್ದರೆ ಜವಾಬ್ದಾರಿ ಇಲ್ಲದ ಅಪ್ಪ. ಕೊಟ್ಟರೆ ಅದು ಎಲ್ಲಿಗೆ ಹೋಗಿ ಯಾರ ಕೈಯಲ್ಲಿ ಕೂರುತ್ತದೋ ಯಾರಿಗೆ ಗೊತ್ತು? ಪರಿಶೀಲಿಸಿದ ಮೇಲೆ ಅಳಿಸುತ್ತಾರಂತೆ. ನನ್ನ ಕಂಪ್ಯೂಟರಿನಲ್ಲೇ ಅರ್ಧ ಹಲಸೂರಿನ ಮುಖಗಳು ವರ್ಷಗಟ್ಟಲೆಯಿಂದ ಬಿದ್ದಿವೆ, ಅಳಿಸಬೇಕೆಂದು ಒಂದು ದಿನವೂ ಹೊಳೆದಿಲ್ಲ. ಅವರಿಗೆ ಮಾತ್ರ ಹೊಳೆಯುತ್ತದೆಯೇ?

ಕೊನೆಗೆ ಸುಲಭದ ದಾರಿ ಹಿಡಿದೆ. "ಮುಖ ತೋರಿಸಿಬಿಡು ಪುಟ್ಟಿ, ಒಂದ್ ನಿಮಿಷದ ಕೆಲ್ಸ."

"ನಾನು ಅಲ್ಲಿ ಒಂದ್ಸಲಾನೂ ಮುಖ ಹಾಕಿಲ್ಲಪ್ಪ. ಹೆಸರೂ ಹಾಕಿಲ್ಲ. ಬರೀ ನಾಯಿ."

"ಅಷ್ಟೊಂದು ಯಾಕಮ್ಮ ಬಚ್ಚಿಟ್ಕೋಬೇಕು?"

ಅವಳು ಅಂಗಡಿಯ ಷೋಕೇಸಿನತ್ತ ಕೈ ತೋರಿಸಿದಳು.

ಚೆನ್ನಾಗಿ ಬಂದ ಫೋಟೋವನ್ನು ದೊಡ್ಡದು ಮಾಡಿ ಬೀದಿಗೆ ಕಾಣುವಂತೆ ಷೋಕೇಸಿನಲ್ಲಿಡುವುದು ನಮ್ಮ ಸ್ಟುಡಿಯೋದವರ ರಿವಾಜು. ಫೋಟೋದಲ್ಲಿರುವವರನ್ನು ಕೇಳುವ ಪದ್ಧತಿ ಇಲ್ಲ, ಇಟ್ಟರೆ ಅವರಿಗೇ ಮರ್ಯಾದೆ ಎಂದು ನಮ್ಮ ನಂಬಿಕೆ. ನನ್ನ ಷೋಕೇಸಿನ ನಟ್ಟನಡುವೆ ಮೂರು ವರ್ಷದ ಇಂಚರ ಕೃಷ್ಣನ ವೇಷದಲ್ಲಿ ನಿಂತಿದ್ದಾಳೆ. ಕಿರೀಟ, ನವಿಲುಗರಿ, ಕೊಳಲು, ಮತ್ತು ಮೂಗಿನಿಂದ ಇಳಿಯುತ್ತಿರುವ ಸಿಂಬಳ. ಊರವರ ಸುಕ್ಕನ್ನೆಲ್ಲ ಅಳಿಸುವ ನಾನು ಅದೊಂದನ್ನು ಮುದ್ದಾಗಿದೆಯೆಂದು ಉಳಿಸಿದ್ದೆ. ಅವತ್ತು ನಮ್ಮಮ್ಮ ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟು, "ಬೀದಿಗೆಲ್ಲಾ ತೋರಿಸ್ಬೇಡ್ವೋ" ಎಂದಿದ್ದಳು. ಗೋಪ್ಯತೆ ಎಂಬ ಪದ ಅಮ್ಮನಿಗೆ ಗೊತ್ತಿರಲಿಲ್ಲ, ಕಣ್ಣು ಬೀಳುತ್ತದೆ ಎಂಬುದು ಗೊತ್ತಿತ್ತು. ನಾನು ನಕ್ಕು, ಬೊಟ್ಟನ್ನು ಕಂಪ್ಯೂಟರಿನಲ್ಲಿ ಒರೆಸಿ, ಫೋಟೋವನ್ನು ಬೀದಿಗಿಟ್ಟಿದ್ದೆ.

"ಸ್ಕೂಲ್ ಬಸ್ಸು ದಿನಾ ಇಲ್ಲೇ ನಿಲ್ಲತ್ತೆ. ಎಲ್ರೂ ನನ್ನ ಸಿಂಬ್ಳ ಕೃಷ್ಣ ಅಂತಾರೆ. ತೆಗಿ ತೆಗಿ ಅಂದ್ರೆ ಗಿರಾಕಿ ಬರ್ತಾರೆ ಅಂತೀಯ." ಅವಳು ಫೋನು ಎತ್ತಿ ತೋರಿಸಿದಳು. "ಅಲ್ಲಿ ನನ್ನ ಯಾರೂ ಹಂಗನ್ನಲ್ಲ. ಅಲ್ಲಿ ನಾನು ನಾಯಿ ಬರೆಯೋಳು, ಅಷ್ಟೇ."

ನನಗೆ ನಾಚಿಕೆಯಾಯಿತು. ಇವಳ ಪರವಾಗಿ ಒಪ್ಪಿಗೆ ಕೊಡು ಎಂದು ಕಾನೂನು ಕೇಳುತ್ತಿರುವುದು ಇವಳ ಒಪ್ಪಿಗೆಯನ್ನು ಎಂದೂ ಕೇಳದ ಮನುಷ್ಯನನ್ನು! ಹಾಗಂತ ಅವಳ ಪಾಡಿಗೆ ಬಿಟ್ಟುಬಿಡುವುದೇ? ಯಾರ ಜೊತೆ ಮಾತಾಡುತ್ತಾಳೆ ಎಂದು ಇಣುಕಿದರೆ ತಪ್ಪು, ಇಣುಕದಿದ್ದರೆ ಇನ್ನೂ ದೊಡ್ಡ ತಪ್ಪು. ಎರಡು ದಿನ ತಲೆ ಕೆಡಿಸಿಕೊಂಡು, ಯಾರಾದರೂ ವಿಚಿತ್ರವಾಗಿ ಮಾತಾಡಿಸಿದರೆ ಮೊದಲು ನನಗೆ ಹೇಳಬೇಕು ಎಂದು ಮಾತು ತೆಗೆದುಕೊಂಡು, ನನ್ನ ಚೀಟಿಯನ್ನೇ ಕೊಟ್ಟೆ. ಮಗಳ ಮುಖಕ್ಕೆ ಬದಲಾಗಿ ನನ್ನದು ಹೋಗಲಿ, ಅದು ಹೇಗೂ ಸವೆದದ್ದು. ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಫೋಟೋವನ್ನೂ ತೆಗೆದೆ. ಬಿಸಿಲಿಗೆ ಮಾಸಿದ ವೆಲ್ವೆಟ್ಟಿನ ಮೇಲೆ ಅದಿದ್ದ ಜಾಗ ಮಾತ್ರ ಹೊಸದರಂತೆ ಕೆಂಪಾಗಿ ಉಳಿಯಿತು.

ಮರುದಿನ ಬಂದ ಬಷೀರ್ ಸಾಹೇಬರು ಅಲ್ಲೇ ನಿಂತುಬಿಟ್ಟರು. "ಆ ಚೋಟು ಕೃಷ್ಣ ಎಲ್ಲೋದ ಸ್ವಾಮಿ? ಅಂಗಡಿ ಗುರುತೇ ಅದು!"

"ಬೆಳೆದುಬಿಟ್ಲು ಸಾಹೇಬ್ರೇ."

"ಹೌದಾ? ಈಗ ಎಷ್ಟು ವಯಸ್ಸು?"

ನಾಲಗೆಯವರೆಗೆ ಬಂದ ಉತ್ತರವನ್ನು ನುಂಗಿಕೊಂಡೆ. ಒಳಗೆ ಕೂತಿದ್ದ ಇಂಚರ ಪೆನ್ಸಿಲು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಅವಳನ್ನೇ ಕೇಳಿ" ಎಂದೆ.

ಸಾಹೇಬರು ಬಗ್ಗಿ ಕೇಳಿದರು. ಇಂಚರ ನಯವಾಗಿಯೇ, "ಯಾಕೆ ಬೇಕು ಅಂಕಲ್?" ಎಂದಳು. ಸಾಹೇಬರು ಒಂದು ಕ್ಷಣ ಗಡ್ಡ ಸವರಿಕೊಂಡು, "ಬೇಡ ಬೇಟಾ, ಸುಮ್ನೆ ಕೇಳ್ದೆ" ಎಂದು ನಕ್ಕರು.

ಆ ಆ್ಯಪಿನವರನ್ನು ನಾನು ಕೇಳಬೇಕಾಗಿದ್ದದ್ದೂ ಮಗಳ ಆ ಪ್ರಶ್ನೆಯನ್ನೇ ಎಂದು ಆಗ ಹೊಳೆಯಿತು. ಚೀಟಿ ಆಗಲೇ ಕೊಟ್ಟಾಗಿತ್ತು.